ಉಡಿಗೆ ಬಿದ್ದ ಉಡ

ನಾನು ನಿಂತಿದ್ದುದು ಲಲ್ಲನ್ ಸಾವ್‌ನ ಗ್ರಂಥಿಗೆ ಅಂಗಡಿಯ ಹಿಂಬಾಗಿಲ ಹೊಸ್ತಿಲಲ್ಲಿ. ಒಂದು ಕಾಲು ಒಳಗೆ, ಒಂದು ಕಾಲು ಹಿತ್ತಲಿನ ಇಟ್ಟಿಗೆ ನೆಲದ ಮೇಲೆ. ಕೊರೊನಾ ಅಡಗಿದ ಮರುವರ್ಷದ ಮಾಘ ಮಾಸ, ಬುಧವಾರ, ಬೆಳಿಗ್ಗೆ ಹತ್ತೂವರೆ ಇರಬೇಕು. ಪಕ್ಕದ ಶಾಲೆಯಲ್ಲಿ ಬಿಡುವಿನ ಗಂಟೆ ಹೊಡೆದಿತ್ತು. ಮಂಜು ಇತ್ತು, ಆದರೆ ಹಿತ್ತಲಿನ ಗೋಡೆ ಕಾಣದಷ್ಟು ಇರಲಿಲ್ಲ. ಇಷ್ಟು ಬಿಡಿಸಿ ಹೇಳುವುದನ್ನು ನೀವು ಸಹಿಸಿಕೊಳ್ಳಬೇಕು. ಕೋರ್ಟಿನಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ‘ಎಲ್ಲಿ ನಿಂತಿದ್ದಿರಿ’ ಎಂಬುದು. ಅದಕ್ಕೆ ಉತ್ತರ ಕೊಟ್ಟು ಕೊಟ್ಟು, ಈಗ ಮದುವೆಯ ಊಟ ಹೇಗಿತ್ತು ಎಂದು ಯಾರಾದರೂ ಕೇಳಿದರೂ ಮೊದಲು ಯಾವ ಪಂಕ್ತಿಯಲ್ಲಿ ಕೂತಿದ್ದೆ ಎಂದು ಹೇಳಿಬಿಡುತ್ತೇನೆ.

ಹೋದ ವಾರ ಆ ಹೊಸ್ತಿಲು ಮತ್ತೆ ಕಾಲ ಕೆಳಗೆ ಬಂತು. ಕಾಶಿಯ ಸೋನಾರ್‌ಪುರದ ರಸ್ತೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಕನ್ನಡದವನ ಕನ್ನಡಕದ ಅಂಗಡಿ ಎಂದು ನಮ್ಮ ಕಡೆಯ ಯಾತ್ರಿಕರು ಹೇಳಿ ನಗುತ್ತಾರೆ. ನಾನೂ ಮೊದಲ ಸಲ ಕೇಳಿದವನಂತೆ ನಗುತ್ತೇನೆ, ಅದೂ ವ್ಯಾಪಾರವೇ. ರೋಣದ ಕಡೆಯ ಶಾಂತಕ್ಕ ಎಂಬುವರು ದೋಣಿ ಇಳಿಯುವಾಗ ಕನ್ನಡಕದ ಕಡ್ಡಿ ಮುರಿದುಕೊಂಡು ಬಂದಿದ್ದರು. ಮುರಿದ ಕಡ್ಡಿಯನ್ನು ಹುಡುಕಲು ಕೈಚೀಲದಲ್ಲಿದ್ದುದನ್ನೆಲ್ಲ ನನ್ನ ಗಾಜಿನ ಮೇಜಿನ ಮೇಲೆ ಸುರಿದರು. ರೈಲಿನ ಟಿಕೇಟು, ಬಿ.ಪಿ. ಮಾತ್ರೆ, ಅರ್ಧ ತಿಂದ ಪೇರಲ, ಒಂದು ಜರ್ಮನ್ ಸಿಲ್ವರ್ ಡಬ್ಬಿ. ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಲವಂಗದ ವಾಸನೆ ಬಂತು, ಏಲಕ್ಕಿಯದು ಬಂತು, ಅವೆರಡರ ಕೆಳಗಿನಿಂದ ಎಣ್ಣೆಯಲ್ಲಿ ನೆನೆದ ಹಳೆಯ ಚರ್ಮದ್ದು ಬಂತು. ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟೆ.

“ಭೀಮಾಚಾರ್ರು ಕೊಟ್ಟದ್ದರಿ ಇದು. ದೊಡ್ಡ ಸೊಸಿ ಉಡಿಗಿ ಹಾಕಿದ್ರು. ಮೊಮ್ಮಗ ಹುಟ್ಯಾನ. ಈಗ ಸಣ್ಣಾಕಿಗಿ ಇನ್ನೊಂದ ಬೇಕಾಗೈತಿ. ಅವರ ಮನಿ ಎಲ್ಲೈತಿ ಗೊತ್ತೇನ್ರಿ?”

ಗೊತ್ತಿತ್ತು. ಭೀಮಾಚಾರ್ಯರು ನನ್ನ ಸೋದರಮಾವ.

ಡಬ್ಬಿಯಲ್ಲಿದ್ದುದನ್ನು ಇಲ್ಲಿ ಹಾಥಾ ಜೋಡಿ ಎನ್ನುತ್ತಾರೆ, ಜೋಡಿಸಿದ ಕೈ ಎಂದು ಅರ್ಥ. ಹೆಬ್ಬೆರಳಿನಷ್ಟು ಉದ್ದ, ಒಣಗಿ ಕಪ್ಪಾದದ್ದು. ಒಂದೇ ಬುಡದಿಂದ ಎರಡು ಸಣ್ಣ ತೋಳು ಹೊರಟು ತುದಿಯಲ್ಲಿ ಬೆರಳು ಮಡಚಿ ಮುಗಿದ ಹಾಗೆ ಕಾಣುತ್ತದೆ. ವಿಂಧ್ಯದ ಕಾಡಿನ ಅಪರೂಪದ ಗಿಡದ ಬೇರು ಎಂದು ಮಾರುತ್ತಾರೆ. ಸಿಂಧೂರ, ಲವಂಗ, ಏಲಕ್ಕಿಯ ಜೊತೆ ಡಬ್ಬಿಯಲ್ಲಿಟ್ಟು ಪೂಜಿಸಿದರೆ ವ್ಯಾಜ್ಯ ಗೆಲ್ಲುತ್ತದೆ, ಗಿರಾಕಿ ಬರುತ್ತಾರೆ, ಗಂಡ ಮಾತು ಕೇಳುತ್ತಾನೆ. ಕಾಶಿಯಲ್ಲಿ ಮೋಕ್ಷ ಪುಕ್ಕಟೆ ಸಿಗುತ್ತದೆಯಾದ್ದರಿಂದ ಅದನ್ನು ಯಾರೂ ಅಷ್ಟಾಗಿ ವಿಚಾರಿಸುವುದಿಲ್ಲ. ಉಳಿದ ಆಸೆಗಳಿಗೆಲ್ಲ ಒಂದೊಂದು ಗ್ರಂಥಿಗೆ ಅಂಗಡಿ ಇದೆ. ಏಕಮುಖಿ ರುದ್ರಾಕ್ಷಿ, ಬಲಮುರಿ ಶಂಖ, ನರಿಯ ಕೊಂಬು. ನರಿಗೆ ಕೊಂಬು ಇರುವುದಿಲ್ಲ ಎಂದು ಮೂರನೆಯ ಇಯತ್ತೆಯ ಹುಡುಗನಿಗೂ ಗೊತ್ತು. ಆದರೆ ಅದನ್ನು ಕೊಳ್ಳಲು ಬರುವವರು ಅಲ್ಲಿಯವರೆಗೂ ಓದಿದವರೇ, ಕೆಲವರು ಅದಕ್ಕಿಂತ ಬಹಳ ಮುಂದೆ ಓದಿದವರು. ಅಂಥವರ ಕನ್ನಡಕದ ನಂಬರು ನಾನು ಬಲ್ಲೆ.

ಭೀಮಣ್ಣ ಮಾಮಾ ಕರ್ನಾಟಕದ ಯಾತ್ರಿಕರಿಗೆ ಕ್ಷೇತ್ರವಿಧಿ ಮಾಡಿಸುವ ಮನೆತನದವನು. ದಶಾಶ್ವಮೇಧದ ಮೆಟ್ಟಿಲ ಮೇಲೆ ಅವನು ಗೋತ್ರ ಕೇಳುವ ಧ್ವನಿ ಮೂರನೆಯ ದೋಣಿಯವರೆಗೆ ಕೇಳಿಸುತ್ತಿತ್ತು. ಗೋತ್ರ ಗೊತ್ತಿಲ್ಲ ಎಂದವರಿಗೆ ಶಾಸ್ತ್ರದಲ್ಲಿ ಹೇಳಿದಂತೆ ಕಾಶ್ಯಪ ಗೋತ್ರ ಕೊಡುತ್ತಿದ್ದ. ಕೊಡುವಾಗ ಒಂದಿಷ್ಟು ತಿರಸ್ಕಾರವನ್ನೂ ಸೇರಿಸಿ ಕೊಡುತ್ತಿದ್ದ. ಉಳ್ಳಾಗಡ್ಡಿ ಅವನ ಮನೆಯ ಬೀದಿಯಲ್ಲೂ ಹಾಯುವಂತಿರಲಿಲ್ಲ. ನನ್ನ ಅಂಗಡಿಗೆ ಬಂದರೆ ಕನ್ನಡಕದ ಪೆಟ್ಟಿಗೆ ಮುಟ್ಟುವ ಮೊದಲು ಕೇಳುವನು:

“ಇದು ಚರ್ಮದ್ದೇನೋ?”

“ರೆಕ್ಸಿನ್, ಮಾಮಾ.”

“ನೀ ಹೇಳಿದ್ರ ಆತೇನು?” ಎಂದು ಎತ್ತಿ ಮೂಸಿ ನೋಡುತ್ತಿದ್ದ. ಆಮೇಲೂ ಬಟ್ಟೆಯ ಚೀಲವನ್ನೇ ಒಯ್ಯುತ್ತಿದ್ದ. ಸತ್ತ ಪ್ರಾಣಿಯನ್ನು ರೆಕ್ಸಿನ್ನಿನಲ್ಲಿ ಅಷ್ಟು ಹುಡುಕಿದ ಮೂಗು ಅದು. ಸಿಂಧೂರದ ಡಬ್ಬಿಯಲ್ಲಿ ಹುಡುಕಲಿಲ್ಲ.

ಉಡಿ ತುಂಬುವುದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಸೆರಗು ಒಡ್ಡಿದ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಬೇರು ಹಾಕಿ ಹರಸುತ್ತಾರೆ. ಬನಾರಸದ ಅಂಗಡಿಯವರಿಗೆ ಈ ಉಡಿಯ ಸುದ್ದಿ ಗೊತ್ತಿಲ್ಲ. ಅರಿಸಿನ ಬೇರಿನ ಪಕ್ಕದಲ್ಲಿ ಇನ್ನೊಂದು ಬೇರು ಇಟ್ಟರೆ ಮಕ್ಕಳಿಲ್ಲದವರಿಗೆ ಒಳ್ಳೆಯದಲ್ಲವೇ ಎಂದು ಹೊಳೆದದ್ದು ಮಾಮಾನಿಗೆ. ಹಾಥಾ ಜೋಡಿಯನ್ನು ತಿಜೋರಿಯಲ್ಲಿಟ್ಟವರು ದೇಶದ ತುಂಬ ಇದ್ದಾರೆ. ಹೆಂಗಸರ ಉಡಿಗೆ ಹಾಕಿದವರು ನಾವು ಮಾತ್ರ.

ಮಾಮಾ ಕಂಡಕಂಡದ್ದನ್ನು ಹಾಕುತ್ತಿರಲಿಲ್ಲ. ಪೇಟೆಯ ತುಂಬ ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ಕಿನ ಹಾಥಾ ಜೋಡಿ ತುಂಬಿಕೊಂಡಿದ್ದು ಅವನಿಗೆ ಗೊತ್ತಿತ್ತು. ಆದ್ದರಿಂದ ಲಲ್ಲನ್‌ನಿಂದ ತಂದದ್ದನ್ನು ರಾತ್ರಿಯಿಡೀ ಎಳ್ಳೆಣ್ಣೆಯ ಬಟ್ಟಲಲ್ಲಿ ಮುಳುಗಿಸಿ ಇಡುತ್ತಿದ್ದ. ಬೆಳಿಗ್ಗೆ ಎಣ್ಣೆ ಇಳಿದಿದ್ದರೆ ಅಸಲಿ. ಇಳಿಯದಿದ್ದರೆ ವಾಪಸು ಒಯ್ದು ಲಲ್ಲನ್‌ನ ಗಲ್ಲಾದ ಮೇಲೆ ಒಗೆಯುತ್ತಿದ್ದ. ಅವರಿಬ್ಬರ ಮಾತು ಬನಾರಸಿ ಹಿಂದಿಯಲ್ಲಿ ನಡೆಯುತ್ತಿತ್ತು. ನಾನು ಬೈಗುಳ ಬಿಟ್ಟು ಕನ್ನಡಕ್ಕೆ ಇಳಿಸುತ್ತೇನೆ.

“ಪಂಡಿತ್‌ಜೀ, ಊರೆಲ್ಲ ದೇವರನ್ನು ನಂಬಿ ಒಯ್ಯುತ್ತದೆ, ನೀವೊಬ್ಬರು ಎಣ್ಣೆ ಹಾಕಿ ನೋಡುತ್ತೀರಿ.”

“ದೇವರನ್ನು ನಾನೂ ನಂಬುತ್ತೇನೆ ಲಲ್ಲನ್. ನಡುವೆ ನೀನಿದ್ದೀಯಲ್ಲ.”

ಒಣಗಿದ ಮಾಂಸ ಎಣ್ಣೆ ಕುಡಿಯುತ್ತದೆ, ಪ್ಲಾಸ್ಟಿಕ್ ಕುಡಿಯುವುದಿಲ್ಲ ಎಂಬುದು ಮಾಮಾನಿಗಾಗಲಿ ನನಗಾಗಲಿ ಆಗ ಹೊಳೆಯಲಿಲ್ಲ. ವರ್ಷಗಟ್ಟಲೆ ಮಾಮಾ ಅಷ್ಟು ನಿಷ್ಠೆಯಿಂದ ಜೊಳ್ಳು ತೂರಿ ಕಾಳು ಉಳಿಸಿಕೊಂಡ. ಉಳಿಸಿಕೊಂಡ ಕಾಳು ಏನೆಂದು ಈಗ ಹೇಳುತ್ತೇನೆ.

ಆ ಬುಧವಾರ ನಾನು ಹೋದದ್ದು ಮಾಮಾನ ರಿಪೇರಿಯಾದ ಕನ್ನಡಕ ಕೊಡಲು. ಮಾಮಾ ಆಗತಾನೇ ಎರಡು ತುಂಡು ಆರಿಸಿ ಜೋಳಿಗೆಗೆ ಹಾಕಿಕೊಂಡಿದ್ದ. ಅವನ್ನು ಲಲ್ಲನ್ ಗಲ್ಲಾದ ಕೆಳಗಿನ ಬಟ್ಟೆಗಂಟಿನಿಂದ ತೆಗೆದುಕೊಟ್ಟದ್ದನ್ನು ನಾನು ನೋಡಿದೆ. ಎದುರಿಗೆ ಗಾಜಿನ ಭರಣಿಯಲ್ಲಿ ಇದ್ದವು ಬೇರೆ. ಗಂಟು ಖಾಲಿಯಾಗಿ ಲಲ್ಲನ್ ಬಟ್ಟೆ ಕೊಡವಿ ಹೆಗಲಿಗೆ ಹಾಕಿಕೊಂಡ. ಅಷ್ಟರಲ್ಲಿ ರೇಟು ವಿಚಾರಿಸುತ್ತ ನಿಂತಿದ್ದ ಹೆಂಗಸೊಬ್ಬಳು ಚೀಲದಿಂದ ಗುರುತಿನ ಚೀಟಿ ತೆಗೆದಳು. ಅರಣ್ಯ ಇಲಾಖೆಯ ಅಧಿಕಾರಿ, ಹೆಸರು ಮೀರಾ. ಜೊತೆಗೆ ಒಬ್ಬ ಗಾರ್ಡು.

ಜಪ್ತಿಗೆ ಇಬ್ಬರು ಸಾಕ್ಷಿ ಬೇಕು ಎಂದಾಗ ಸೋನಾರ್‌ಪುರದಂಥ ರಸ್ತೆ ಖಾಲಿಯಾದದ್ದನ್ನು ನೀವು ನೋಡಬೇಕಿತ್ತು. ಕರ್ಫ್ಯೂನಲ್ಲೂ ಹಾಗೆ ಖಾಲಿಯಾಗಿರಲಿಲ್ಲ. ಪ್ರತಿ ಮಾತಿಗೂ ಗಂಗಾಮಾತೆಯ ಸಾಕ್ಷಿ ಹಾಕುವ ಜನ ತಾವು ಸಾಕ್ಷಿಯಾಗುವ ಹೊತ್ತಿಗೆ ಚಹಾ ಕುಡಿಯಲು ಹೋಗಿದ್ದರು. ಒಬ್ಬ ಇ-ರಿಕ್ಷಾದವನನ್ನು ಹಿಡಿದು ತಂದರು. ಅವನು ಅಂಗಡಿಯ ಮುಂದೆಯೇ ನಿಂತ, ಒಳಗೆ ಬರಲಿಲ್ಲ. ಇನ್ನೊಬ್ಬ ನಾನು. “ಇವರು ನನ್ನ ಮಾಮಾ,” ಎಂದು ನಾನು ಗಾರ್ಡಿಗೆ ಸ್ಪಷ್ಟವಾಗಿ ಹೇಳಿದೆ. ಅವನು ತಲೆಯಾಡಿಸಿ ಬರೆಯುತ್ತ ಹೋದ. ಬನಾರಸದಲ್ಲಿ ತರಕಾರಿಯವನೂ ಮಾಮಾ, ಪೋಲೀಸನೂ ಮಾಮಾ. ನಿಜವಾದ ಮಾಮಾನನ್ನು ಹೇಳಲು ಇಲ್ಲಿ ಶಬ್ದವೇ ಉಳಿದಿಲ್ಲ.

ಮೀರಾ ಭರಣಿಯದೊಂದು, ಜೋಳಿಗೆಯದೊಂದು ಬಿಳಿ ಕಾಗದದ ಮೇಲಿಟ್ಟು ನನ್ನ ಕಡೆ ತಿರುಗಿದಳು. “ಚಶ್ಮೆಯವರೇ, ನಿಮ್ಮ ಹತ್ತಿರ ಭೂತಗನ್ನಡಿ ಇರಬೇಕಲ್ಲ. ನೋಡಿ ಹೇಳಿ, ಇವು ಏನು?” ನಾನು ಕಣ್ಣಿಗೆ ಹಚ್ಚಿ ಬಹಳ ಹೊತ್ತು ನೋಡಿದೆ. ಕಾಲು ಶತಮಾನ ಊರಿನ ಕಣ್ಣು ತಿದ್ದಿದವನು. ಕೊನೆಗೆ ಎರಡೂ ಬೇರಿನ ಹಾಗೆ ಕಾಣುತ್ತವೆ ಎಂದೆ. ಭೂತಗನ್ನಡಿ ಚಿಕ್ಕ ಅಜ್ಞಾನವನ್ನು ದೊಡ್ಡದು ಮಾಡಿ ತೋರಿಸಿತು, ಅಷ್ಟೇ. ಅವಳು ನಗಲಿಲ್ಲ. “ಕಣ್ಣಿಗೆ ಯಾರಿಗೂ ಗೊತ್ತಾಗುವುದಿಲ್ಲ,” ಎಂದಳು.

ಆಗ ಹಿತ್ತಲಿನಿಂದ ಗೋಣಿಚೀಲ ನೆಲಕ್ಕೆ ಉಜ್ಜಿದ ಸದ್ದು ಬಂತು. ಎಲ್ಲರೂ ಆ ಕಡೆ ಓಡಿದರು. ಗೋಡೆ ಹಾರಿದವನ ಹಿಮ್ಮಡಿ ಮಾತ್ರ ನನಗೆ ಕಂಡಿತು. ನಾನು ಹೊಸ್ತಿಲಿಗೆ ಬಂದು, ಮೊದಲೇ ಹೇಳಿದ ಹಾಗೆ, ನಿಂತೆ.

ನೆಲದ ಮೇಲೆ ಒಂದು ಮಣ್ಣಿನ ಒಲೆ, ಅದರಲ್ಲಿ ಕೆಂಡ. ಪಕ್ಕದಲ್ಲಿ ಚೀಲ. ಮೀರಾ ಚೀಲದ ಹೊಲಿಗೆ ಕತ್ತರಿಸಿ ಬಾಯಿ ತೆರೆದಳು. ಒಳಗೆ ಒಂದು ಉಡ, ಎರಡು ಮೊಳ ಉದ್ದ. ಇಲ್ಲಿಯವರು ಅದನ್ನು ಗೋಹ್ ಎನ್ನುತ್ತಾರೆ. ನಾಲ್ಕೂ ಕಾಲನ್ನು ಬೆನ್ನ ಮೇಲೆ ತಿರುಚಿ, ಅದರದೇ ಬೆರಳಿನ ನರ ಎಳೆದು ತೆಗೆದು, ಆ ನರದಿಂದ ಕಟ್ಟಿದ್ದರು. ಬಾಯಿ ಹೊಲಿದಿದ್ದರು. ಬಾಲದ ಬುಡ ಸುಟ್ಟು ಕರಿಯಾಗಿತ್ತು, ಅಲ್ಲಿ ಕತ್ತರಿಸಿದ ಗಾಯವಿತ್ತು, ಗಾಯ ಹಸಿ ಇತ್ತು. ಕಣ್ಣು ತೆರೆದಿತ್ತು. ರೆಪ್ಪೆ ಒಮ್ಮೆ ಮುಚ್ಚಿ ತೆರೆಯಿತು. ಅದು ನಮ್ಮನ್ನು ನೋಡುತ್ತಿತ್ತೆಂದು ನಾನು ಹೇಳಲಾರೆ. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ.

ಮೀರಾ ಮಾಮಾನಿಗೆ ಮೆಲ್ಲಗೆ, ಪಾಠ ಒಪ್ಪಿಸುವ ಹಾಗೆ ಹೇಳಿದಳು. “ಬೆಂಕಿಯ ಮೇಲೆ ಹಿಡಿಯುತ್ತಾರೆ, ಪಂಡಿತ್‌ಜೀ. ಉರಿ ತಡೆಯಲಾರದೆ ಒಳಗಿನದು ಹೊರಗೆ ಬರುತ್ತದೆ. ಆಗ ಕೊಯ್ಯುತ್ತಾರೆ. ಗಂಡಿನ ಅಂಗ. ಇದಕ್ಕೆ ಅದು ಜೋಡಿ ಇರುತ್ತದೆ. ಒಣಗಿಸಿದರೆ ನಿಮ್ಮ ಜೋಳಿಗೆಯಲ್ಲಿರುವುದು.”

“ಇದು ಪ್ರಾಣಿ,” ಎಂದ ಮಾಮಾ. “ಅದು ಬೇರು. ಇದಕ್ಕೂ ಅದಕ್ಕೂ ಏನು ಸಂಬಂಧ?”

ಲಲ್ಲನ್ ಮಾತ್ರ ಕೂಡಲೇ ಉತ್ತರ ಸಿದ್ಧ ಮಾಡಿಕೊಂಡಿದ್ದ. “ಹಿತ್ತಲು ನಾಲ್ಕು ಅಂಗಡಿಗೆ ಸೇರಿದ್ದು, ಮೇಡಂ. ಚೀಲ ಯಾರದೋ. ನನ್ನದು ಭರಣಿ. ಭರಣಿಯಲ್ಲಿರುವುದು ಪ್ಲಾಸ್ಟಿಕ್ಕು. ನಾನು ಆಟದ ಸಾಮಾನು ಮಾರುವವನು.”

ಬಾಯಿ ತೆರೆದರೆ ಅಸಲಿ ಎನ್ನುತ್ತಿದ್ದವನು ಒಂದೇ ಉಸಿರಿನಲ್ಲಿ ನಕಲಿಗೆ ಇಳಿದ. ಅವನೊಬ್ಬನೇ ಅಲ್ಲ. ಆ ತಿಂಗಳು ಆ ಸಾಲಿನ ಎಲ್ಲ ಅಂಗಡಿಯವರೂ ತಾವು ತಲೆಮಾರುಗಳಿಂದ ಮೋಸಗಾರರೆಂದು ಸಾಧಿಸಲು ಪೈಪೋಟಿ ನಡೆಸಿದರು. ಅವರಲ್ಲಿ ಯಾರೂ ಸುಳ್ಳು ಹೇಳಲಿಲ್ಲ ಎಂದು ನಾನು ಪ್ರಮಾಣ ಮಾಡಬಲ್ಲೆ.

ಇಬ್ಬರನ್ನೂ ಹಿಡಿದು ಒಯ್ದಿದ್ದರು. ಮಾಮಾನಿಗೂ ಅದೇ ದಾರಿ ಇತ್ತು. ಭೇಲೂಪುರದ ವಕೀಲ ಕೋರ್ಟಿನ ವರಾಂಡದಲ್ಲಿ ಅದನ್ನು ಬಿಡಿಸಿ ಹೇಳಿದ. ಲ್ಯಾಬಿನಿಂದ ವರದಿ ಬರುವ ಮೊದಲೇ ಒಂದು ಮಾತು ಹೇಳಬೇಕು: ಇವು ನಕಲಿ ಎಂದು ತಿಳಿದೇ ಕೊಂಡೆ, ತಿಳಿದೇ ಯಾತ್ರಿಕರಿಗೆ ಕೊಟ್ಟೆ. ಮೋಸಕ್ಕೆ ಜಾಮೀನು ಬೇಗ ಸಿಗುತ್ತದೆ. ಕಾಡುಪ್ರಾಣಿಯ ಅಂಗ ಇಟ್ಟುಕೊಂಡದ್ದಕ್ಕೆ ಸಿಗುವುದಿಲ್ಲ. ಶಿಕ್ಷೆಯಾದರೆ ವರ್ಷಗಟ್ಟಲೆ ಜೈಲು.

“ಏನಂತಾನ ಇವಾ?” ಮಾಮಾ ನನ್ನ ಕಡೆ ತಿರುಗಿದ. “ನನ್ನ ಯಾತ್ರಿಕರಿಗೆ ನಾ ನಕಲಿ ಕೊಟ್ಟೆ ಅನ್ನಬೇಕಂತ?”

“ಅಂದುಬಿಡು ಮಾಮಾ. ಒಂದ ಮಾತು. ಮನಿಗೆ ಬರ್ತಿ.”

“ಬಂದು ಯಾರ ಮುಖಾ ನೋಡ್ಲಿ? ಧಾರವಾಡದಿಂದ, ರಾಯಚೂರಿಂದ ನನ್ನ ಹೆಸರು ಕೇಳಿಕೋತ ಬರ್ತಾರ. ಎಣ್ಣೀ ಹಾಕಿ ನೋಡೀನಿ ನಾ. ಅಸಲೀನs ಕೊಟ್ಟೀನಿ. ಹಂಗs ಬರಕೋ ಅನ್ನು.”

ಮಾಮಾ ಏನೆಂದ ಎಂದು ವಕೀಲ ನನ್ನನ್ನು ಕೇಳಿದ. ಹೇಳಿದೆ. ಅವನು ಫೈಲು ಮುಚ್ಚಿ, “ನಿಮ್ಮ ಮಾಮಾಗೆ ಶತ್ರು ಬೇಕಿಲ್ಲ,” ಎಂದ.

ಲ್ಯಾಬು ದೂರದ ಊರಿನಲ್ಲಿತ್ತು, ವರದಿ ತಿಂಗಳುಗಟ್ಟಲೆ ಬರಲಿಲ್ಲ. ಅಲ್ಲಿ ಏನು ಮಾಡುತ್ತಾರೆ ಎಂದು ಮೀರಾಳನ್ನು ಕೇಳಿದ್ದೆ. ಒಣಗಿಸಿದರೂ ಎಣ್ಣೆಯಲ್ಲಿ ನೆನೆಸಿದರೂ ಸಿಂಧೂರ ಬಳಿದರೂ ಜೀವಿಯ ಕಣದೊಳಗಿನ ಡಿಎನ್‌ಎ ಪೂರ್ತಿ ಅಳಿಯುವುದಿಲ್ಲವಂತೆ. ಸಾಸಿವೆಯಷ್ಟು ಕೆರೆದು ತೆಗೆದು, ಅದನ್ನು ಬೇರ್ಪಡಿಸಿ ಓದಿ, ಗೊತ್ತಿರುವ ಪ್ರಾಣಿಗಳದರ ಜೊತೆ ಹೋಲಿಸಿ ನೋಡುತ್ತಾರೆ. “ನಿಮ್ಮ ಪಂಡಿತ್‌ಜೀ ಘಾಟಿನಲ್ಲಿ ಮಾಡುವುದೇ,” ಎಂದಳು. “ಗೋತ್ರ ಕೇಳುವುದು.” ಬಂದವರನ್ನೆಲ್ಲ ಗೋತ್ರ ಕೇಳಿದ ಮಾಮಾ ತಾನು ಉಡಿಗೆ ಹಾಕಿದ್ದರ ಗೋತ್ರವನ್ನು ಕೇಳಿರಲಿಲ್ಲ.

ವರದಿಯನ್ನು ಕೋರ್ಟಿನಲ್ಲಿ ಓದಿದಾಗ ನಾನು ಎಡಗಡೆಯ ಎರಡನೆಯ ಬೆಂಚಿನಲ್ಲಿದ್ದೆ. ಭರಣಿಯ ಯಾವ ತುಂಡಿನಲ್ಲೂ ಯಾವ ಜೀವಿಯ ಡಿಎನ್‌ಎಯೂ ಸಿಗಲಿಲ್ಲ. ಜೋಳಿಗೆಯ ಎರಡೂ ಉಡ. ಮಾಮಾ ಕಟಕಟೆಯಿಂದ ನನ್ನನ್ನು ಹುಡುಕಿ, ಇಡೀ ಕೋರ್ಟಿಗೆ ಕೇಳಿಸುವ ಹಾಗೆ ಕನ್ನಡದಲ್ಲಿ ಹೇಳಿದ. “ನೋಡಿದಿ? ನಂದು ಎರಡೂ ಅಸಲಿ.”

ಅವನ ಮುಖದಲ್ಲಿ ನಗು ಇತ್ತು. ಗೆದ್ದವನ ನಗು. ಅದು ಎಷ್ಟು ಹೊತ್ತು ಇತ್ತೆಂದು ಅಳೆಯಲಾರೆ. ತಾನು ಹೇಳಿದ್ದು ತನಗೇ ಕೇಳಿಸುವವರೆಗೆ ಇತ್ತು.

ನನ್ನ ಸಾಕ್ಷಿಗೆ ಬೆಲೆ ಬರಲಿಲ್ಲ. ಬಟ್ಟೆಗಂಟಿನಿಂದ ತೆಗೆದುಕೊಟ್ಟವನು ಲಲ್ಲನ್ ಎಂದು ಹೇಳಿದೆ. ಲಲ್ಲನ್‌ನ ವಕೀಲ ಎದ್ದು, ಈ ಮನುಷ್ಯ ಆರೋಪಿಯ ಸ್ವಂತ ತಂಗಿಯ ಮಗ, ಮಾವನನ್ನು ಉಳಿಸಲು ಬಡ ವ್ಯಾಪಾರಿಯ ಮೇಲೆ ಹಾಕುತ್ತಿದ್ದಾನೆ ಎಂದ. ಮಾಮಾ ಎಂದು ಮೊದಲೇ ಹೇಳಿದ್ದೆ ಎಂದೆ. ಹಾಗೆಂದು ಎಲ್ಲರೂ ಹೇಳುತ್ತಾರೆ ಎಂದ. ಲಲ್ಲನ್ ಬಿಡುಗಡೆಯಾಗಿ ಬಂದವನು ವರದಿಯ ನಕಲಿಗೆ ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ್ದಾನೆ. ಕೆಳಗೊಂದು ಬೋರ್ಡು: ಪ್ರಯೋಗಾಲಯದಲ್ಲಿ ಪರೀಕ್ಷಿತ, ಯಾವ ಪ್ರಾಣಿಯ ಅಂಶವೂ ಇಲ್ಲ, ಶುದ್ಧ ಸಾತ್ವಿಕ. ಮಾತು ನಿಜವೇ. ಪ್ಲಾಸ್ಟಿಕ್ಕಿನಷ್ಟು ಸಾತ್ವಿಕವಾದದ್ದು ಕಾಶಿಯಲ್ಲಿ ಇನ್ನೊಂದಿಲ್ಲ. ಮೊದಲಿಗಿಂತ ಚೆನ್ನಾಗಿ ಮಾರುತ್ತಿದೆ.

ಮಾಮಾನಿಗೆ ಜಾಮೀನು ಸಿಕ್ಕುವಷ್ಟರಲ್ಲಿ ಮಳೆಗಾಲ ಬಂದಿತ್ತು. ಕೇಸು ಇನ್ನೂ ನಡೆಯುತ್ತಿದೆ. ಜೈಲಿನಿಂದ ಬರುವಾಗ ಆಟೋದಲ್ಲಿ ಒಂದೇ ಪ್ರಶ್ನೆ ಕೇಳಿದ.

“ಆ ಚೀಲದಾಗ ಇತ್ತಲ್ಲ, ಅದರದs ಏನು?”

“ಅದರದಲ್ಲ ಮಾಮಾ. ಅದರಂಥಾವದರದು.”

ಭೇಲೂಪುರ ಬಂತು. ಇಳಿಯುವಾಗ, “ಗೋತ್ರ ಗೊತ್ತಿಲ್ಲದವರೆಲ್ಲ ಕಾಶ್ಯಪ,” ಎಂದ. “ಹಂಗಂದ್ರ ಅದೂ ಕಾಶ್ಯಪನs.” ಅಂದಿನಿಂದ ಘಾಟಿಗೆ ಹೋಗಿಲ್ಲ. ಇನ್ನೊಂದು ಅಭ್ಯಾಸವೂ ನಿಂತಿದೆ. ಅವನು ಕೈ ಮುಗಿಯುವುದಿಲ್ಲ. ದೇವರ ಮುಂದೆಯೂ ಎರಡೂ ಕೈಯನ್ನು ತೊಡೆಯ ಮೇಲೆ ದೂರದೂರ ಇಟ್ಟುಕೊಂಡು ಕೂರುತ್ತಾನೆ.

ಶಾಂತಕ್ಕನನ್ನು ಇ-ರಿಕ್ಷಾದಲ್ಲಿ ಅವನ ಮನೆಗೆ ಕರೆದೊಯ್ದೆ. ದಾರಿಯಲ್ಲಿ ನಾನೇ ಹೇಳಬಹುದಿತ್ತು. ಆದರೆ ಲಲ್ಲನ್‌ನ ಬೋರ್ಡು ತೋರಿಸಿ, “ಅಲ್ಲೂ ಸಿಗತಾವಂತ, ಆದ್ರ ಅವು ಲ್ಯಾಬಿನ್ಯಾಗ ಮಾಡಿದ್ದು, ನನಗ ಆಚಾರ್ರ ಕೈಯಾಂದ ಬೇಕು,” ಎಂದು ಅವರು ಅಂದಾಗ, ಈ ಮಾತು ಆಚಾರ್ಯರ ಬಾಯಿಂದಲೇ ಬರಲಿ ಎನಿಸಿತು.

ಮಾಮಾ ಡಬ್ಬಿ ತೆರೆದ. ಮೂಸಿದ. ಬಹಳ ಹೊತ್ತು ಮೂಸಿದ.

“ಅಸಲಿ,” ಎಂದ.

ಶಾಂತಕ್ಕನ ಮುಖ ಅರಳಿತು. “ನಾ ಹೇಳಲಿಲ್ಲೇನ್ರಿ ಇವರಿಗೆ?”

“ಅಸಲಿ ಉಡ.”

“ಹೌದ್ರಿ, ಉಡಿಗೇ ಬೇಕಾಗಿತ್ತು. ಸಣ್ಣ ಸೊಸಿ ಉಡಿಗಿ.”

“ಉಡಿ ಅಲ್ಲವಾ, ಉಡ. ನಿಮ್ಮ ಹೊಲದ ಬದುವಿನ್ಯಾಗ ಓಡತದಲ್ಲ, ಅದು. ಗಂಡು ಉಡದ್ದು. ಬೇರಲ್ಲ ಇದು. ಜೀವಂತ ಇದ್ದಾಗ ಸುಟ್ಟು ಕೊಯ್ದದ್ದು. ನಾನs ಹಾಕಿದೆ ನಿಮ್ಮ ಸೊಸಿ ಉಡಿಗೆ.”

ಶಾಂತಕ್ಕ ಡಬ್ಬಿಯನ್ನು ನೋಡಿದರು, ಮಾಮಾನನ್ನು ನೋಡಿದರು. ತಮ್ಮ ಸೆರಗಿನ ತುದಿಯನ್ನು ಎಳೆದು ಮಡಿಲ ಮೇಲಿಂದ ಒಮ್ಮೆ ಕೊಡವಿದರು, ಅಲ್ಲಿ ಏನೂ ಇರಲಿಲ್ಲ. “ದೇವರ ಮುಂದ ಇಟ್ಟಿದ್ವಲ್ಲರಿ,” ಎಂದರು. “ದಿನಾ ಊದಿನಕಡ್ಡಿ ಹಚ್ಚತಿದ್ದೆ.” ಆಮೇಲೆ, ಬೇರೆ ಏನು ಮಾಡಬೇಕೋ ತಿಳಿಯದೆ ಇರಬೇಕು, ಎದ್ದು ಮಾಮಾನಿಗೆ ಕೈ ಮುಗಿಯಲು ಹೋದರು. ಮಾಮಾ ತಟ್ಟನೆ ಮುಂದೆ ಬಾಗಿ ಅವರ ಎರಡೂ ಮಣಿಕಟ್ಟು ಹಿಡಿದು ಬೇರೆ ಮಾಡಿದ. ಪರಸ್ತ್ರೀಯ ನೆರಳು ತಾಗಿದರೆ ಸ್ನಾನ ಮಾಡುತ್ತಿದ್ದವನು.

“ಜೋಡಿಸಬ್ಯಾಡ್ರಿ,” ಎಂದ.

ಡಬ್ಬಿಯನ್ನು ಅವರು ಅಲ್ಲೇ ಬಿಟ್ಟು ಹೋದರು. ನಾನು ಅದನ್ನು ಅರಣ್ಯ ಕಚೇರಿಗೆ ಮುಟ್ಟಿಸಿದೆ. ಮೀರಾಗೆ ಬೇರೆ ಜಿಲ್ಲೆಗೆ ವರ್ಗವಾಗಿದೆ. ಮೇಜಿನ ಹಿಂದಿದ್ದ ಹೊಸ ಸಾಹೇಬರು ಮುಚ್ಚಳ ತೆಗೆದು ನೋಡಿ, “ಇದು ಯಾವುದೋ ಬೇರಲ್ಲವೇ?” ಎಂದು ಕೇಳಿದರು. ಸ್ವಲ್ಪ ತಡೆದು, ಇದು ಎಲ್ಲಿ ಸಿಗುತ್ತದೆ, ಮನೆಯಲ್ಲಿಟ್ಟರೆ ಏನು ಫಲ ಎಂದೂ ಕೇಳಿದರು. ಡಬ್ಬಿ ಕೊಟ್ಟದ್ದಕ್ಕೆ ರಸೀದಿ ಬೇಕು ಎಂದು ನಾನು ಅಲ್ಲಿಯೇ ನಿಂತೆ. ಸಂಜೆಯವರೆಗೆ ನಿಂತೆ. ಕೊಟ್ಟರು.

ಹಿತ್ತಲಿನ ಆ ಉಡ ಆ ಬುಧವಾರವೇ ಸಂಜೆಯೊಳಗೆ ಸತ್ತಿತು. ನೋಡಿದವರೆಲ್ಲ ಬದುಕಿದ್ದೇವೆ. ಲಲ್ಲನ್ ಸಾವ್, ಅದೇ ಗಲ್ಲಾದ ಮೇಲೆ. ಮೀರಾ, ಬೇರೆ ಜಿಲ್ಲೆಯಲ್ಲಿ. ಗಾರ್ಡು, ಹೆಸರು ರಾಮ್‌ಜತನ್, ನಿವೃತ್ತನಾಗಿ ಊರಿನಲ್ಲಿ. ಗೋಡೆ ಹಾರಿದವನು, ಹೆಸರು ಗೊತ್ತಿಲ್ಲ, ಎಲ್ಲೋ. ಭೀಮಾಚಾರ್ಯ, ಭೇಲೂಪುರದಲ್ಲಿ, ಕೈ ಬೇರೆಬೇರೆ ಇಟ್ಟುಕೊಂಡು. ಮತ್ತು ನಾನು, ಹೊಸ್ತಿಲಲ್ಲಿ.